ನೀರು ಕುಡಿಯುತ್ತಿದ್ದ ಕಾರು

ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಚೀಟಿ ಬರುವುದಕ್ಕೆ ಸ್ವಲ್ಪ ಮೊದಲಿನ ಮಾತು. ಆಗ ನನ್ನ ಹತ್ತಿರ ಒಂದು ಬಾಡಿಗೆ ಕಾರು ಇತ್ತು. ಸಕಲೇಶಪುರದ ಕಡೆಯ ಒಬ್ಬ ತೋಟದ ದೊರೆ ಓಡಿಸಿ ಓಡಿಸಿ ಸಾಕಾಗಿ ಮಾರಿದ್ದು. ಮೇಲೆ ಬಟ್ಟೆಯ ಚಾವಣಿ, ಪಕ್ಕದಲ್ಲಿ ಕಾಲಿಟ್ಟು ಹತ್ತುವ ಹಲಗೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎದ್ದೇಳುವ ಇಂಜಿನ್ನು. ಬೆಳಿಗ್ಗೆ ಅರಕಲಗೂಡಿನಲ್ಲಿ ಜನ ಹತ್ತಿಸಿಕೊಂಡರೆ ಮಧ್ಯಾಹ್ನಕ್ಕೆ ಹೊಳೆನರಸೀಪುರ, ಅಲ್ಲಿ ಊಟ, ಆಮೇಲೆ ಹಾಸನ. ಆ ಕಾರು ನೀರು ಕುಡಿಯುತ್ತದೆ ಎಂಬುದು ಮೂರು ಊರಿಗೂ ಗೊತ್ತಿತ್ತು. ಕುಡಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಾರು ಕಾಣದವರಿಗೆ ಇಷ್ಟು ಹೇಳಬೇಕು. ಇಂಜಿನ್ನಿನ ಕಾವು ಇಳಿಸುವುದಕ್ಕೆ ಅದರ ಸುತ್ತ ನೀರು ಹರಿಯುತ್ತಿರಬೇಕು. ಆ ನೀರು ಮೂತಿಯಲ್ಲಿರುವ ರೇಡಿಯೇಟರಿಗೆ ಬಂದು, ಗಾಳಿಗೆ ಆರಿ, ತಿರುಗಿ ಒಳಗೆ ಹೋಗುತ್ತದೆ. ನೀರು ಕಡಿಮೆಯಾದರೆ ಇಂಜಿನ್ನು ಕಾದು, ಮುಚ್ಚಳದ ಸಂದಿಯಿಂದ ಹಬೆ ಎದ್ದು, ಕಾರು ದಾರಿಯ ಮಧ್ಯೆ ಕೂತುಬಿಡುತ್ತದೆ. ನನ್ನದು ಕೂರುತ್ತಿದ್ದದ್ದು ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವಾಗ, ಮೊಸಳೆ ಎಂಬ ಊರಿಗೆ ತಿರುಗುವ ಕಡೆಯ ಏರಿನಲ್ಲಿ. ಬೇರೆಯವರಾಗಿದ್ದರೆ ಒಂದು ಡಬ್ಬ ನೀರು ಜೊತೆಯಲ್ಲಿಟ್ಟುಕೊಂಡು, ಎಲ್ಲಿ ಬಾಯಿ ಬಿಟ್ಟರೆ ಅಲ್ಲಿ ಹುಯ್ದು, ವರ್ಷಗಟ್ಟಲೆ ಓಡಿಸುತ್ತಿದ್ದರು. ನಾನೂ ಹಾಗೇ ಇರುತ್ತಿದ್ದೆನೋ ಏನೋ, ತಂಗಿ ಬಸುರಿಯಾಗದೆ ಇದ್ದಿದ್ದರೆ.

ತಂಗಿಯನ್ನು ಹೊಳೆನರಸೀಪುರಕ್ಕೆ ಕೊಟ್ಟಿತ್ತು. ನಾಲೆಯ ಕೆಳಗೆ ಗದ್ದೆಯಿದ್ದ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಕೊರತೆ ಮಕ್ಕಳದು. ಮೊದಲ ಮಗು ಹುಟ್ಟಿ ಕಣ್ಣೇ ತೆರೆಯಲಿಲ್ಲ. ಎರಡನೆಯ ಸಲ ಸೂಲಗಿತ್ತಿ ಮಗು ಅಡ್ಡ ತಿರುಗಿದೆ, ನನ್ನ ಕೈಯಲ್ಲಾಗದು, ಹಾಸನದ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ರೈಲಿತ್ತು, ಆದರೆ ನೋವು ರೈಲಿನ ಹೊತ್ತು ನೋಡಿಕೊಂಡು ಬರುತ್ತದೆಯೇ? ಎತ್ತಿನ ಗಾಡಿ ಕಟ್ಟಿದರು. ಗಾಡಿ ಮೊಸಳೆಯ ಏರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಡಿಯನ್ನು ಅಲ್ಲಿಂದಲೇ ವಾಪಸು ತಿರುಗಿಸಿದರು. ಆಮೇಲೆ ಊರವರು ಆಡಿದ್ದು ಒಂದೆರಡು ಮಾತಲ್ಲ. ಅವಳ ಕಾಲ್ಗುಣ ಎಂದರು, ಅವಳ ಹೊಟ್ಟೆಯೇ ಸರಿಯಿಲ್ಲ ಎಂದರು. ಅವಳು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ಮಾತ್ರ ಇವತ್ತಿಗೂ ಆ ಮಾತಾಡಿದವರನ್ನು ಕಂಡರೆ ಮೈ ಉರಿಯುತ್ತದೆ.

ಈಗ ಮೂರನೆಯದು. ನಮಗೆ ತಂದೆತಾಯಿ ಇಬ್ಬರೂ ಇರಲಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ. ಒಲೆ ಹಚ್ಚುವ ಹೆಣ್ಣಿಲ್ಲದ ಮನೆಗೆ ತಂಗಿಯನ್ನು ಬಾಣಂತನಕ್ಕೆ ಕರೆಯುವುದಾದರೂ ಹೇಗೆ? ಆ ನಾಚಿಕೆಗೆ ನಾನು ಅವಳ ಮುಂದೆ ಒಂದು ಮಾತು ಕೊಟ್ಟೆ. ನೋವು ಬಂದ ತಕ್ಷಣ ಕಾರು ಬಾಗಿಲಲ್ಲಿರುತ್ತದೆ, ಹಾಸನ ಮುಟ್ಟಿಸುವ ಹೊಣೆ ನನ್ನದು ಎಂದೆ. ಅವಳು ನಕ್ಕು, "ನಂಗೆ ತವರು ಅಂದ್ರೆ ಇನ್ನೇನೈತೆ ಅಣ್ಣಯ್ಯ, ನೀನು, ನಿನ್ನ ಕಾರು" ಎಂದಳು. ಅಂಥ ಕಾರು ಆ ಏರಿನಲ್ಲೇ ಹೋಗಿ ಕೂರುತ್ತದೆ ಎಂದರೆ ನನಗೆ ಅನ್ನ ಹೇಗೆ ಸೇರಬೇಕು?

ಹುಡುಕಲು ನಿಂತೆ. ಮೊದಲು ಕಣ್ಣಿಗೆ ಕಾಣುವುದನ್ನೆಲ್ಲ ನೋಡಿದೆ. ರಬ್ಬರ್ ಕೊಳವೆಗಳ ಪಟ್ಟಿ ಬಿಗಿ ಮಾಡಿದೆ. ರೇಡಿಯೇಟರಿನ ಕೆಳಗಿನ ನಲ್ಲಿಗೆ ನೂಲು ಸುತ್ತಿದೆ. ನೀರು ತಿರುಗಿಸುವ ಪಂಪಿನ ಕತ್ತಿಗೆ ಹೊಸ ಹುರಿ ತುಂಬಿಸಿದೆ. ಹಳೆಯ ಬಿಳಿ ಪಂಚೆಯೊಂದನ್ನು ಕಾರಿನ ಕೆಳಗೆ ಹಾಸಿ, ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡುತ್ತಿದ್ದೆ. ಎಣ್ಣೆಯ ಕಲೆ ಬೇಕಾದಷ್ಟಿತ್ತು, ನೀರಿನ ಕಲೆ ಇರಲಿಲ್ಲ.

ನೋಡಿದವರೆಲ್ಲ ಒಂದೊಂದು ಮದ್ದು ಹೇಳುತ್ತಿದ್ದರು. ರಾಗಿ ಹಿಟ್ಟು ಕದಡಿ ರೇಡಿಯೇಟರಿಗೆ ಹುಯ್ಯಿ, ಅದು ಹೋಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ ಎಂದವರೇ ಹೆಚ್ಚು. ಹಾಸನದಲ್ಲಿ ನನ್ನ ಕಾರು ನೋಡುತ್ತಿದ್ದ ಮೇಸ್ತ್ರಿಯೂ ಅದನ್ನೇ ಹೇಳಿದ. ಆತ ಕೆಲಸ ಬಲ್ಲವನು, ಆದರೆ ಬಿಚ್ಚುವ ಕೆಲಸವೆಂದರೆ ಮೈಗಳ್ಳ.

"ಎಲ್ಲಾ ಗಾಡೀನೂ ನೀರು ಕುಡಿತದೆ ಗೌಡ್ರೇ. ಒಂದು ಸೇರು ರಾಗಿ ಇಟ್ಟು ಆಕಿ, ಬೀಡಿ ಸೇದ್ಕಂಡು ಕೂತ್ಕಳಿ. ಮುಚ್ಕಂತದೆ."

"ಎಲ್ಲಿ ಮುಚ್ಕಂತದೆ?" ಎಂದೆ.

"ಎಲ್ಲಿ ತೂತೈತೋ ಅಲ್ಲಿ."

"ಅದು ಎಲ್ಲೈತೆ ಅಂತ ತಾನೇ ನಾನು ಕೇಳ್ತಿರೋದು?"

ಅವನು ಬೀಡಿ ಹಚ್ಚಿಕೊಂಡ. ನಾನು ಎದ್ದು ಬಂದೆ. ರಾಗಿ ಅಂಬಲಿ ಕುಡಿದು ಬೆಳೆದವನು ನಾನು, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಎಲ್ಲೋ ಅಂಟಿಕೊಂಡಿರುವ ಹಿಟ್ಟನ್ನು ನಂಬಿ ತಂಗಿಯನ್ನು ಆ ಏರು ಹತ್ತಿಸಲು ನಾನು ಸಿದ್ಧನಿರಲಿಲ್ಲ.

ಒಂದು ದಿನ ತಂಗಿಯ ಮನೆಯಂಗಳದಲ್ಲಿ ಕೂತು ರಂಗೋಲಿಯನ್ನು ನೋಡುತ್ತಿದ್ದೆ. ಯಾರೋ ಕೈ ತೊಳೆದ ನೀರು ಅದರ ಒಂದು ಎಳೆಯ ಮೇಲೆ ಬಿದ್ದು, ಆ ಭಾಗ ಮಾತ್ರ ಕಪ್ಪಗಾಗಿತ್ತು. ತಟ್ಟನೆ ಎದ್ದು ತಂಗಿಯ ಹತ್ತಿರ ಒಂದು ಡಬ್ಬ ರಂಗೋಲಿ ಪುಡಿ ಕೇಳಿದೆ. ಗಂಡಸು ರಂಗೋಲಿ ಪುಡಿ ಕೇಳಿದ್ದಕ್ಕೆ ಅವಳ ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಬಾನೆಟ್ಟು ಎತ್ತಿ, ಕೊಳವೆ, ಪಂಪು, ಕೀಲು, ಸಂದಿಗೊಂದಿಗೆಲ್ಲ ಒಣಪುಡಿ ಬಳಿದು ಹಾಸನಕ್ಕೆ ಓಡಿಸಿದೆ. ಎಲ್ಲಿ ಜಿನುಗಿದರೂ ಅಲ್ಲಿ ಪುಡಿ ಒದ್ದೆಯಾಗಬೇಕು. ಏರಿನಲ್ಲಿ ಕಾರು ಮಾಮೂಲಿನಂತೆ ಹಬೆ ಬಿಟ್ಟಿತು. ಬಾನೆಟ್ಟು ಎತ್ತಿ ನೋಡಿದರೆ ಪುಡಿ ಹಚ್ಚಿದ ಹಾಗೇ ಬೆಳ್ಳಗೆ ಕೂತಿತ್ತು. ನೀರು ಹೋಗಿದೆ, ಹೊರಗೆ ಬಂದಿಲ್ಲ. ನನಗೆ ನಿಜವಾಗಿಯೂ ಭಯವಾದದ್ದು ಅವತ್ತು.

ಹೋಗುವುದು ಎಲ್ಲಿ ಎಂದು ಗೊತ್ತಾಗದಿದ್ದರೆ ಹೋಗುವುದು ಯಾವಾಗ ಎಂದಾದರೂ ತಿಳಿಯೋಣ ಎಂದುಕೊಂಡು ಒಂದು ತೆಂಗಿನ ಕಡ್ಡಿಗೆ ಗುರುತು ಕೊಯ್ದೆ. ಅರಕಲಗೂಡಿನಲ್ಲಿ ಕತ್ತಿನವರೆಗೆ ತುಂಬಿಸಿ ಹೊರಡುವುದು, ಹೊಳೆನರಸೀಪುರದಲ್ಲಿ ಕಡ್ಡಿ ಇಳಿಬಿಟ್ಟು ನೋಡುವುದು, ತಿರುಗಿ ಹಾಸನದಲ್ಲಿ ನೋಡುವುದು. ಕಾದ ಕಾರಿನ ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಅದಕ್ಕೇ ಹೊಳೆನರಸೀಪುರದಲ್ಲಿ ಮೊದಲು ತಂಗಿಯ ಮನೆಯಲ್ಲಿ ಊಟ ಮುಗಿಸಿ, ಕಾರು ಆರಿದ ಮೇಲೆ ಕಡ್ಡಿ ಇಳಿಬಿಡುತ್ತಿದ್ದೆ.

ಕಡ್ಡಿ ಹೇಳಿದ್ದು ವಿಚಿತ್ರವಾಗಿತ್ತು. ಅರಕಲಗೂಡಿನಿಂದ ಹೊಳೆನರಸೀಪುರದವರೆಗೆ ಒಂದು ತೊಟ್ಟೂ ಕಡಿಮೆಯಾಗುವುದಿಲ್ಲ. ಹೊಳೆನರಸೀಪುರ ಬಿಟ್ಟ ಮೇಲೆ ಕೈ ಅಗಲದಷ್ಟು ಇಳಿದುಹೋಗುತ್ತದೆ. ದಿನವೂ ಹೀಗೇ. ಮೊದಲ ದಾರಿ ಸಾಧಾರಣ, ಎರಡನೆಯದು ಹಾಸನದ ಕಡೆಗೆ ಏರು. ಹಾಗಾದರೆ ಈ ಕಾಯಿಲೆ ಏರಿನದು, ಕಾರಿನ ಮೂತಿ ಮೇಲಾದಾಗ ಮಾತ್ರ ಎಲ್ಲೋ ಬಾಯಿ ಬಿಡುತ್ತದೆ ಎಂದು ತೀರ್ಮಾನಿಸಿದೆ. ಅದನ್ನು ಹಿಡಿದುಕೊಂಡು ನಾನು ಮಾಡಿದ ಕಸರತ್ತು ಒಂದೇ ಎರಡೇ! ಕಾರನ್ನು ಕೆರೆ ಏರಿಯ ಓರೆಯಲ್ಲಿ ನಿಲ್ಲಿಸಿ ಕೆಳಗೆ ಮಲಗಿ ನೋಡಿದೆ. ರೇಡಿಯೇಟರನ್ನು ಕಳಚಿ ಹಿಂದಕ್ಕೆ ವಾಲಿಸಿ ನೀರು ತುಂಬಿಸಿ ಕೂತೆ. ಬೆಸುಗೆ ಹಾಕಿಸಿದ ಕಡೆಯೇ ಮತ್ತೆ ಬೆಸುಗೆ ಹಾಕಿಸಿದೆ. ಜನ ನನ್ನನ್ನು ನೋಡಿ ನಗುವುದನ್ನೂ ಬಿಟ್ಟರು, ಪಾಪ ಎನ್ನತೊಡಗಿದರು. ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಸಂಕ್ರಾಂತಿ ಕಳೆದು ಬಿಸಿಲು ಬಲಿಯಿತು. ತಂಗಿಗೆ ಎಂಟನೆಯ ತಿಂಗಳು.

ಆಗ ಹಾಸನದಲ್ಲಿ ಕೆಲವು ಯಾತ್ರಿಕರು ಸಿಕ್ಕಿದರು. ಶ್ರವಣಬೆಳಗೊಳಕ್ಕೆ ಹೋಗಬೇಕು, ಚನ್ನರಾಯಪಟ್ಟಣದಲ್ಲಿ ಒಂದು ಹೊತ್ತು ನಿಲ್ಲಬೇಕು ಎಂದರು. ಒಪ್ಪಿಕೊಂಡೆ. ಚನ್ನರಾಯಪಟ್ಟಣದ ದಾರಿಯಲ್ಲಿ ಹೇಳಿಕೊಳ್ಳುವಂಥ ಏರಿಲ್ಲ, ಕಾರು ಸುಖವಾಗಿ ಹೋಗುತ್ತದೆ ಎಂದುಕೊಂಡಿದ್ದೆ. ಚನ್ನರಾಯಪಟ್ಟಣದ ಕೆರೆ ಕಣ್ಣಿಗೆ ಬೀಳುವ ಹೊತ್ತಿಗೆ ಮುಚ್ಚಳ ಬುಸುಗುಟ್ಟಿತು. ಯಾತ್ರಿಕರು ಕೆಳಗಿಳಿದು ನೆರಳು ಹುಡುಕಿದರು. ನಾನು ಕಾರಿನ ಪಕ್ಕದ ಹಲಗೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಏರಿಲ್ಲದ ದಾರಿಯಲ್ಲಿ ಏರಿನ ಕಾಯಿಲೆ ಹೇಗೆ ಬಂತು? ಕೂತಲ್ಲೇ ಒಂದೊಂದಾಗಿ ಎಲ್ಲ ದಾರಿಯನ್ನೂ ನೆನೆದೆ. ಹಾಸನದ ದಾರಿಯಲ್ಲಿ ಕುಡಿಯುತ್ತದೆ, ಇಲ್ಲಿಯೂ ಕುಡಿಯುತ್ತದೆ, ಸಂಜೆ ವಾಪಸು ಹೋಗುವಾಗಲೂ ಕುಡಿಯುತ್ತದೆ. ಕುಡಿಯದೆ ಇರುವುದು ಒಂದೇ ಕಡೆ, ಬೆಳಿಗ್ಗೆ ಹೊರಟು ತಂಗಿಯ ಮನೆ ಮುಟ್ಟುವವರೆಗೆ. ತಂಗಿಯ ಬಾಗಿಲಲ್ಲಿ ನಿಂತಾಗ ಮಾತ್ರ ಈ ಕಾರಿಗೆ ಇಷ್ಟೊಂದು ಒಳ್ಳೆಯ ಬುದ್ಧಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು.

ಮಾರನೆಯ ದಿನ ಮಾಮೂಲಿನಂತೆ ಹೊಳೆನರಸೀಪುರಕ್ಕೆ ಬಂದೆ. ತಂಗಿ ಮಾಮೂಲಿನಂತೆ ಜಗಲಿಗೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಮ್ಮ ಕಡೆ ತವರಿನವರು ಬಂದರೆ ಹೆಣ್ಣುಮಗಳು ಮಾಡುವ ಮೊದಲ ಕೆಲಸ ಅದು. ಕಾಲಿಗೆ ನೀರು, ಕುಡಿಯಲು ನೀರು, ಆಮೇಲೆ ಮಾತು. ನನ್ನನ್ನು ಎಲೆಯ ಮುಂದೆ ಕೂರಿಸಿ, ಬಡಿಸುವುದನ್ನು ಅತ್ತೆಗೆ ಬಿಟ್ಟು ಅವಳು ಹೊರಗೆ ಹೋದಳು. ದಿನವೂ ಹಾಗೇ ಹೋಗುತ್ತಿದ್ದಳು, ನಾನು ಯಾಕೆಂದು ಕೇಳಿರಲಿಲ್ಲ. ಅವತ್ತು ಮುದ್ದೆ ಮುರಿದ ಕೈಯಲ್ಲೇ ಎದ್ದು ಬಾಗಿಲಿಗೆ ಬಂದೆ.

ತಂಗಿ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿ, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದಳು. ಹಬೆ ಹೋದ ಮೇಲೆ ತಾಮ್ರದ ಕೊಡಪಾನವನ್ನು ಎರಡೂ ಕೈಯಲ್ಲಿ ಎತ್ತಿ, ತುಂಬಿದ ಹೊಟ್ಟೆಯ ಮೇಲೆ ಒರಗಿಸಿಕೊಂಡು, ನಿಧಾನವಾಗಿ ಹುಯ್ಯತೊಡಗಿದಳು.

"ಏನ್ಲೇ ಮಾಡ್ತಿದ್ದೀಯ ನೀನು?"

ನನ್ನ ಕೂಗಿಗೆ ಅವಳು ಬೆಚ್ಚಿದಳು, ಕೊಡ ಬಿಡಲಿಲ್ಲ.

"ನೀರು ಉಯ್ತಾ ಇವ್ನಿ. ಯಾಕಂಗೆ ಕಿರುಚ್ಕಂತೀಯ?"

"ಯಾವಾಗಿಂದ?"

"ದೀಪಾವಳೀಲಿ ಉಸ್ಸುಸ್ಸು ಅಂತ ಒಗೆ ಬಿಟ್ಕಂಡು ಬಂತಲ್ಲ, ಅವತ್ತಿಂದ. ನೀನು ಕಾಲು ತೊಳೆಯಾಕೆ ಇತ್ಲಿಗೆ ಓಗಿದ್ದೆ. ಒಂದು ಕೊಡ ಪೂರ್ತಿ ಕುಡ್ಕಂತು ಪಾಪ. ನಿಂಗೆ ಕಾಲಿಗೆ ನೀರು ಕೊಡ್ತೀನಿ, ನಿನ್ನ ಒತ್ಕಂಡು ಬಂದಿದ್ದಕ್ಕೆ ಕೊಡಬ್ಯಾಡ್ವಾ?"

ನಾನು ಎಂಜಲು ಕೈ ಇಟ್ಟುಕೊಂಡು ಅಂಗಳದಲ್ಲಿ ನಿಂತೇ ಇದ್ದೆ. ನಗು ಬಂತು, ಅಳು ಬಂತು, ಸಿಟ್ಟಂತೂ ನೆತ್ತಿಗೆ ಏರಿತು. ತಿಂಗಳುಗಟ್ಟಲೆ ನಾನು ಕಡ್ಡಿ ಇಳಿಬಿಟ್ಟು ಅಳೆದದ್ದು ಕಾರಿನ ನೀರನ್ನಲ್ಲ, ತಂಗಿಯ ಕೊಡಪಾನವನ್ನು. ಕಡ್ಡಿಯಲ್ಲಿ ತಪ್ಪಿರಲಿಲ್ಲ. ತವರಿನಿಂದ ಬಂದದ್ದು ಬಾಯಾರಿಕೊಂಡು ನಿಂತಿರಬಾರದು ಎಂಬುದು ಅವಳ ಲೆಕ್ಕ. ಅದರಲ್ಲೂ ತಪ್ಪು ಹುಡುಕಲು ನನಗಾಗಲಿಲ್ಲ. ಇನ್ನು ಮೇಲೆ ಈ ಕಾರನ್ನು ಮುಟ್ಟಕೂಡದು, ಕೊಡ ಎತ್ತಕೂಡದು ಎಂದು ಗದರಿ ಒಳಗೆ ಕಳಿಸಿದೆ. ಅವಳು ಮುಖ ಊದಿಸಿಕೊಂಡು ಹೋದಳು.

ಆಮೇಲೆ ಎಲ್ಲ ಬೇಗ ಬೇಗ ಗೊತ್ತಾಯಿತು. ಯಾರೂ ನೀರು ಹುಯ್ಯದೆ ಅಳೆದಾಗ ಕಾರು ಎಲ್ಲ ದಾರಿಯಲ್ಲಿಯೂ ಒಂದೇ ಸಮನೆ ಕುಡಿಯುತ್ತಿತ್ತು. ಏರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹೊರಗೆ ಎಲ್ಲಿಯೂ ಒದ್ದೆಯಿಲ್ಲ ಎಂದಮೇಲೆ ನೀರು ಇಂಜಿನ್ನಿನ ಒಳಗೇ ಹೋಗುತ್ತಿರಬೇಕು. ಇಂಜಿನ್ನು ಓಡುತ್ತಿರುವಾಗಲೇ ರೇಡಿಯೇಟರಿನ ಬಾಯಿ ತೆರೆದು ನೋಡಿದೆ. ತುಂಬಿದ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿದ್ದವು. ಬೆಂಕಿ ಉರಿಯುವ ಜಾಗದ ಗಾಳಿ ನೀರಿಗೆ ಬರುತ್ತಿದೆ ಎಂದರೆ ನೀರೂ ಆ ಜಾಗಕ್ಕೆ ಹೋಗುತ್ತಿದೆ. ಒಳಗೆ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿ ಬಿಳಿ ಪಂಚೆಯ ಮೇಲೆ ಸಾಲಾಗಿ ಇಟ್ಟೆ. ಉಳಿದವೆಲ್ಲ ಮಸಿ ಹಿಡಿದಿದ್ದವು, ಒಂದು ಮಾತ್ರ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಕುಡಿದ ನೀರೆಲ್ಲ ಅಲ್ಲಿಗೆ ಹೋಗಿ, ಹಬೆಯಾಗಿ, ಹೊಗೆಯ ಕೊಳವೆಯಿಂದ ಹೊರಟುಹೋಗುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಳ್ಳ ಸಿಕ್ಕಿದ್ದ.

ಸಂತೋಷ ಹಾಸನದ ಮೇಸ್ತ್ರಿಯ ಹತ್ತಿರ ಹೋಗುವವರೆಗೆ ಇತ್ತು.

"ಎಡ್ಡು ಬಿಚ್ಬೇಕು" ಎಂದ. ಹೆಡ್ಡು ಎಂದರೆ ಇಂಜಿನ್ನಿನ ಮೇಲಿನ ಕಬ್ಬಿಣದ ಮುಚ್ಚಳ. "ಒಳಗೆ ಸೀಳಿದ್ರೆ ಮಾತ್ರ ಸುಲಭ ಅಲ್ಲ ಗೌಡ್ರೇ. ಬಿಚ್ಚಿದ್ಮೇಲೆ ಎಷ್ಟು ದಿನ ಅಂತ ನಾನು ಮಾತು ಕೊಡಾಕಿಲ್ಲ. ತಂಗ್ಯವ್ವಂಗೆ ದಿನ ಅತ್ರ ಬಂದೈತೆ ಅಂತೀರ. ಇಂಗೇ ನೀರು ಆಕ್ಕಂಡು ಓಡಿಸ್ಬುಡಿ, ಆಮ್ಯಾಕೆ ನೋಡವ."

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಹೊಳೆನರಸೀಪುರದಲ್ಲಿ ಬೇರೆ ಬಾಡಿಗೆ ಕಾರು ಇರಲಿಲ್ಲ. ಬಸ್ಸು ಜನ ತುಂಬಿದ ಮೇಲೆ ಹೊರಡುತ್ತಿತ್ತು. ಕಾರು ಬಿಚ್ಚಿ ಹಾಕಿದ ಹೊತ್ತಿನಲ್ಲೇ ನೋವು ಬಂದರೆ ಮತ್ತೆ ಅದೇ ಎತ್ತಿನ ಗಾಡಿ. ಬಿಚ್ಚದೆ ಇದ್ದರೆ ಆ ಬಿಸಿಲಿನಲ್ಲಿ, ಆ ಏರಿನಲ್ಲಿ, ಕಾರು ಆರುವುದನ್ನು ಕಾಯುತ್ತ ಕೂರಬೇಕು. ಎರಡರಲ್ಲಿ ಯಾವುದು ಎಂದು ನಾನೊಬ್ಬನೇ ತೀರ್ಮಾನಿಸುವುದು ಸರಿಯಲ್ಲ ಅನ್ನಿಸಿತು. ತಂಗಿಯ ಹತ್ತಿರ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಬಿಚ್ಚು" ಎಂದಳು.

"ಅಷ್ಟ್ರಲ್ಲಿ ನೋವು ಬಂದ್ರೆ?"

"ಬರಾಕಿಲ್ಲ. ನಾನು ಏಳ್ತೀನಿ ಇದಕ್ಕೆ, ಮಾವ ಕಾರು ಜೋಡಿಸ್ತಾವ್ನೆ, ತಡ್ಕ ಅಂತ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಆ ಏರಲ್ಲಿ ಇನ್ನೊಂದು ಸಲ ನಿಂತ್ಕಳಕ್ಕೆ ನನ್ನ ಕೈಲಾಗಾಕಿಲ್ಲ ಅಣ್ಣಯ್ಯ. ಏನಾದ್ರೂ ಮಾಡು, ಅಲ್ಲಿ ಮಾತ್ರ ನಿಲ್ಲಿಸ್ಬ್ಯಾಡ."

ಅವತ್ತೇ ಹಾಸನಕ್ಕೆ ಹೋಗಿ ಬಿಚ್ಚಿದೆ. ಮೇಸ್ತ್ರಿ ಗೊಣಗಿಕೊಂಡೇ ಜೊತೆಗೆ ಕೈ ಹಾಕಿದ. ಹೆಡ್ಡನ್ನು ಕೆಳಗಿಳಿಸಿ ಮಸಿ ಕೆರೆದು ತೊಳೆದರೆ ಕಣ್ಣಿಗೆ ಏನೂ ಕಾಣಲಿಲ್ಲ. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಒಣಪುಡಿ ಉದುರಿಸಿದರೆ ಸೀಳಿನೊಳಗೆ ಉಳಿದ ಎಣ್ಣೆ ಮೇಲೆ ಬಂದು ತೋರಿಸುತ್ತದೆ ಎಂದ ಮೇಸ್ತ್ರಿ. ತಂಗಿ ಕೊಟ್ಟ ರಂಗೋಲಿ ಪುಡಿಯ ಡಬ್ಬ ಸೀಟಿನ ಕೆಳಗೇ ಇತ್ತು. ಉದುರಿಸಿ ಕಾದೆವು. ನೋಡನೋಡುತ್ತಿದ್ದ ಹಾಗೆ ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಮೂಡಿತು.

ಮೇಸ್ತ್ರಿ ಬಗ್ಗಿ ನೋಡಿ ತುಟಿ ಕಚ್ಚಿಕೊಂಡ. "ನೀರು ಬತ್ತಿ ಕಾದಿರೋ ಎಡ್ಡಿಗೆ ಯಾರೋ ತಣ್ಣೀರು ಉಯ್ದವ್ರೆ ಗೌಡ್ರೇ. ಕಾದ ಕಬ್ಬಿಣ ಸೀಳ್ದೆ ಇನ್ನೇನಾಗ್ತದೆ? ಯಾರು ಉಯ್ದೋರು?"

ದೀಪಾವಳಿಯ ದಿನ ನನ್ನ ಕಣ್ಣ ಮುಂದೆ ಬಂತು. ಅವತ್ತು ಕೊಳವೆಯ ಪಟ್ಟಿ ಸಡಿಲಾಗಿ, ಇದ್ದ ನೀರೆಲ್ಲ ದಾರಿಯಲ್ಲಿ ಸುರಿದು, ಒಣಗಿದ ಇಂಜಿನ್ನಿನಲ್ಲಿ ಹೇಗೋ ಅವಳ ಬಾಗಿಲು ಮುಟ್ಟಿದ್ದೆ. ಅವಳು ಬಾವಿಯಿಂದ ಸೇದಿದ ತಣ್ಣೀರನ್ನು ಒಂದು ಕೊಡ ಪೂರ್ತಿ ಹುಯ್ದಿದ್ದಳು. ಕಾಯಿಲೆ ಶುರುವಾದದ್ದೇ ಅವತ್ತು.

"ಯಾರೂ ಇಲ್ಲ. ನಾನೇ" ಎಂದೆ.

ಯಾಕೆ ಹಾಗೆಂದೆ ಎಂದು ಯೋಚಿಸಬೇಕಾದ ಅಗತ್ಯವೇ ಬೀಳಲಿಲ್ಲ. ಎರಡು ಮಕ್ಕಳ ಹೊರೆಯನ್ನು ಊರವರು ಅವಳ ತಲೆಯ ಮೇಲೆ ಹೊರಿಸಿ ಆಗಿತ್ತು. ಆಸ್ಪತ್ರೆಗೆ ಒಯ್ಯುವ ಕಾರನ್ನು ಕೆಡಿಸಿದವಳೂ ಅವಳೇ ಎಂಬ ಇನ್ನೊಂದು ಮಾತು ಅವಳ ಕಿವಿಗೆ ಬೀಳಬೇಕೇ? ನನ್ನ ಬಾಯಿಂದಂತೂ ಅದು ಬರಕೂಡದು ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಹೊಸ ಹೆಡ್ಡನ್ನು ಬೆಂಗಳೂರಿನಿಂದ ತರಿಸಬೇಕು ಎಂದ ಮೇಸ್ತ್ರಿ. ಅಷ್ಟು ದಿನ ನನ್ನ ಹತ್ತಿರ ಇರಲಿಲ್ಲ. ಸೀಳಿನ ಉದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು, ತಾಮ್ರದ ತಿರುಪುಗಳನ್ನು ಒಂದರ ಅಂಚನ್ನು ಇನ್ನೊಂದು ಕಚ್ಚುವ ಹಾಗೆ ಬಿಗಿದು, ತಲೆ ಕತ್ತರಿಸಿ, ಬಡಿದು ಸಮ ಮಾಡುವ ಇನ್ನೊಂದು ಉಪಾಯವಿತ್ತು. ಕೈ ತಪ್ಪಿದರೆ ಹೆಡ್ಡೇ ಹೋಗುತ್ತದೆ, ನಾನು ಮಾಡುವುದಿಲ್ಲ ಎಂದ. ಮಾಡಲೇಬೇಕು ಎಂದೆ. ಇಬ್ಬರೂ ಗಂಟಲು ಹರಿಯುವಂತೆ ಜಗಳವಾಡಿದೆವು. ಕೊನೆಗೆ ಅವನು ಕೊರೆಯಲು ಕೂತ, ನಾನು ಪಕ್ಕದಲ್ಲಿ ಅರದಿಂದ ತಿರುಪು ಉಜ್ಜುತ್ತ ಕೂತೆ. ಒಮ್ಮೆ ಕೈ ಹಾಕಿದ ಮೇಲೆ ಆ ಮೈಗಳ್ಳ ಊಟಕ್ಕೂ ಏಳಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ಹೊಳೆನರಸೀಪುರದಿಂದ ಬಸ್ಸು ಬಂದ ಸದ್ದಾದರೆ ಸಾಕು, ನಾನು ಓಡಿಹೋಗಿ ಕಂಡಕ್ಟರನ ಮುಖ ನೋಡುತ್ತಿದ್ದೆ. ಅವನು ದೂರದಿಂದಲೇ ಏನೂ ಇಲ್ಲ ಎಂದು ಕೈಯಾಡಿಸುತ್ತಿದ್ದ. ಒಂದು ಬಸ್ಸಿನಲ್ಲಿ ತಂಗಿಯ ಗಂಡನೇ ಇಳಿದದ್ದು ಕಂಡು, ನೋವು ಬಂತಾ ಎಂದು ಕೂಗಿದೆ. ಆತ ಸುಮ್ಮನೆ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದದ್ದು. ನಾನು ತಿರುಪಿಗೆ ತಾಮ್ರ ತರಲು ಪೇಟೆಗೆ ಹೋದಾಗ ಆತ ಮೇಸ್ತ್ರಿಯ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ. ಸಂಜೆಯ ಬಸ್ಸಿಗೆ ವಾಪಸು ಹೋದ.

ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ಟು ಹಾಕಿ, ಹೆಡ್ಡು ಕೂರಿಸಿ, ನೀರು ತುಂಬಿಸಿ, ಇಂಜಿನ್ನು ಎಬ್ಬಿಸಿ ರೇಡಿಯೇಟರಿನ ಬಾಯಿಗೆ ಕಣ್ಣಿಟ್ಟೆವು. ಗುಳ್ಳೆಯಿಲ್ಲ. ಖಾಲಿ ಕಾರನ್ನು ಆ ಏರಿನಲ್ಲಿ ಹತ್ತಿಸಿ ಇಳಿಸಿ, ಮತ್ತೆ ಹತ್ತಿಸಿ, ಆರಿದ ಮೇಲೆ ಕಡ್ಡಿ ಇಳಿಬಿಟ್ಟು ನೋಡಿದೆ. ನೀರು ಇಟ್ಟ ಗುರುತಿನಲ್ಲೇ ಇತ್ತು. ಅಲ್ಲಿಂದ ನೆಟ್ಟಗೆ ಹೊಳೆನರಸೀಪುರಕ್ಕೆ ಹೋಗಿ ಕಾರನ್ನು ತಂಗಿಯ ಬಾಗಿಲಲ್ಲಿ ಹಾಸನದ ಕಡೆ ಮುಖ ಮಾಡಿ ನಿಲ್ಲಿಸಿದೆ. ಬಾಡಿಗೆಗೆ ಬಂದವರಿಗೆಲ್ಲ ಇಲ್ಲ ಎಂದೆ.

ನೋವು ಬಂದದ್ದು ಸುಡು ಬಿಸಿಲಿನ ಮಧ್ಯಾಹ್ನ. ಹಿಂದೆ ತಂಗಿ, ಅವಳ ಅತ್ತೆ. ಪಕ್ಕದಲ್ಲಿ ಅವಳ ಗಂಡ. ಊರು ದಾಟುವವರೆಗೆ ಅತ್ತೆ ದೇವರ ಹೆಸರು ಹೇಳುತ್ತಲೇ ಇದ್ದರು. ಏರು ಹತ್ತಿರವಾದಂತೆ ಅದೂ ನಿಂತಿತು. ಆ ಜಾಗ ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಕಿವಿಯೆಲ್ಲ ಮುಂದಿನ ಮುಚ್ಚಳದ ಮೇಲಿತ್ತು. ಒಂದು ಸಣ್ಣ ಬುಸ್ ಎಂದರೂ ನನ್ನ ಮಾತು ಮಣ್ಣುಪಾಲು.

ಹಿಂದಿನಿಂದ ತಂಗಿ ಹಲ್ಲು ಕಚ್ಚಿಕೊಂಡೇ ಕೇಳಿದಳು. "ಅಣ್ಣಯ್ಯ, ನೀರೈತಾ?"

"ಐತೆ ಕಣವ್ವ."

"ನಿಲ್ಲಿಸಾಕಿಲ್ಲ ತಾನೇ?"

"ನಿಲ್ಲಿಸಾಕಿಲ್ಲ."

ಕಾರು ಏರು ಹತ್ತಿತು. ಒಂದು ಸಲವೂ ಉಸಿರು ಬಿಡದೆ ಹತ್ತಿತು. ಮೊಸಳೆಯ ದಾರಿ ಹಿಂದಾದದ್ದನ್ನು ಕಂಡು ಅತ್ತೆ ಗಟ್ಟಿಯಾಗಿ ಅಳಲು ಶುರುಮಾಡಿದರು. ಆಸ್ಪತ್ರೆಯ ಬಾಗಿಲಲ್ಲಿ ತಂಗಿಯನ್ನು ಇಳಿಸಿಕೊಂಡು ಹೋದ ಮೇಲೆ ನಾನು ಹೊರಗೆ ಕಾರಿನ ನೆರಳಿನಲ್ಲಿ ಕೂತೆ. ಬಿಸಿಲು ಇಳಿಯುವ ಹೊತ್ತಿಗೆ ಲೇಡಿ ಡಾಕ್ಟರು ಹೊರಗೆ ಬಂದು, ಸ್ವಲ್ಪ ತಡವಾಗಿದ್ದರೂ ಕಷ್ಟವಾಗುತ್ತಿತ್ತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಹೆಣ್ಣುಮಗು ಎಂದರು. ಒಳಗಿನಿಂದ ಅಳು ಕೇಳುತ್ತಿತ್ತು. ಅಷ್ಟು ಒಳ್ಳೆಯ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆಸ್ಪತ್ರೆಯಿಂದ ಕಳಿಸಿದ ದಿನ ತಾಯಿ ಮಗುವನ್ನು ನಾನೇ ಹೊಳೆನರಸೀಪುರಕ್ಕೆ ಕರೆದುಕೊಂಡು ಬಂದೆ. ಬಾಗಿಲಲ್ಲಿ ಆರತಿಯಾಯಿತು. ತಂಗಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ಹೊರಗೆ ಬರುವಾಗ ನನಗೆ ಚೊಂಬಿನಲ್ಲಿ ನೀರು ತಂದಳು, ಹಿಂದೆಯೇ ಆಳಿನ ಕೈಯಲ್ಲಿ ತುಂಬಿದ ಕೊಡಪಾನ ತರಿಸಿ ಕಾರಿನ ಮುಂದೆ ಇರಿಸಿದಳು. ಹಸಿ ಬಾಣಂತಿ ಬಿಸಿಲಲ್ಲಿ ನಿಲ್ಲಬೇಡ, ಒಳಗೆ ಹೋಗು ಎಂದು ಎಲ್ಲರೂ ಗದರಿದರು. ಅವಳು ಕೇಳಲಿಲ್ಲ, ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಜಗಲಿಯ ಮೇಲೆ ಕೂತಳು.

"ಕೊಡ ಮುಟ್ಬ್ಯಾಡ ಅಂದಿರ್ಲಿಲ್ವಾ?" ಎಂದೆ.

"ಆರ್ಲಿ ಅಂತ ಕಾಯ್ತಾ ಇವ್ನಿ. ಬಿಸೀಲಿ ಉಯ್ದ್ರೆ ಸೀಳ್ತದಂತಲ್ಲ."

ಚೊಂಬನ್ನು ಕೆಳಗಿಟ್ಟೆ. "ಯಾರು ಏಳಿದ್ರು?" ಎಂದು ಕೇಳಿದೆ.

"ನಿಮ್ಮ ಬಾವ. ಆಸ್ನದಲ್ಲಿ ಮೇಸ್ತ್ರಿ ಏಳಿದ್ನಂತೆ, ನೀನು ಕಾರು ಬಿಚ್ಕಂಡು ಕೂತಿದ್ದಾಗ. ಯಾರು ಉಯ್ದೋರು ಅಂದ್ರೆ ನಾನೇ ಅಂದ್ಯಂತೆ."

ಹಾಗಾದರೆ ಅವತ್ತು ಕಾರು ಹತ್ತುವಾಗಲೇ ಅವಳಿಗೆ ಎಲ್ಲವೂ ಗೊತ್ತಿತ್ತು. ಆ ಏರಿನಲ್ಲಿ ನೀರೈತಾ ಎಂದು ಕೇಳಿದಾಗಲೂ ಗೊತ್ತಿತ್ತು. "ಗೊತ್ತಿದ್ದೂ ಎದರ್ಕೆ ಆಗ್ಲಿಲ್ವಾ ನಿಂಗೆ?" ಎಂದೆ.

"ನೀನು ಬಾಗಿಲಿಗೆ ತಂದು ನಿಲ್ಲಿಸಿದ್ದೆಯಲ್ಲ" ಎಂದಳು. "ಸರಿಯಾಗದೆ ನೀನು ತರಾಕಿಲ್ಲ."

ಎದ್ದು ಹೋಗಿ, ಮಗುವಿನ ಹಣೆ ಮುಟ್ಟಿ ನೋಡುವಂತೆ ಅಂಗೈ ತಿರುವಿ ರೇಡಿಯೇಟರನ್ನು ಮುಟ್ಟಿದಳು. ಇನ್ನೂ ಬಿಸಿಯಿತ್ತು. ವಾಪಸು ಬಂದು ಕೂತಳು. ಮತ್ತೆ ಹೋಗಿ ಮುಟ್ಟಿದಳು. ಆರಿದೆ ಎಂದು ಖಾತ್ರಿಯಾದ ಮೇಲೆ ಮುಚ್ಚಳ ತೆಗೆದು, ಕೊಡದಿಂದ ಚೊಂಬಿನಲ್ಲಿ ಮೊಗೆದು ಹುಯ್ದಳು. ಒಳಗೆ ಜಾಗವೇ ಇರಲಿಲ್ಲ. ಹುಯ್ದ ನೀರೆಲ್ಲ ಉಕ್ಕಿ, ಕಾರಿನ ಮೂತಿಯ ಮೇಲಿಂದ ಹರಿದು, ಮುಂದಿನ ಎರಡು ಚಕ್ರಗಳನ್ನೂ ತೋಯಿಸಿ ಅಂಗಳಕ್ಕೆ ಇಳಿಯಿತು.

"ತುಂಬೈತೆ" ಎಂದು ಹೇಳಿ ಅವಳು ಮಗುವನ್ನು ಎತ್ತಿಕೊಳ್ಳಲು ಒಳಗೆ ಹೋದಳು.